ರಸೂಲಬಿ ತೋರಿದ ದಿಕ್ಕು

ಮಸೀದಿ ಎದುರಿನ ಮಾಳಿಗೆಯ ಮೇಲೆ ಒಣಹಾಕಿದ ಹೆಸರುಕಾಯಿ ಗುಡ್ಡೆಮಾಡುತ್ತಿದ್ದ ರಸೂಲಬಿ ಥಟ್ಟನೆ ಪಡುವಣಕ್ಕೆ ಬೆರಳು ಚಾಚಿದಳು. "ಅಲ್ಲಿ ನೋಡ್ರಿ, ಚಂದ್ರ." ರಂಜಾನ್ ಚಂದ್ರನಿಗಾಗಿ ಮಸೀದಿ ಅಂಗಳದಲ್ಲಿ ಕಾದಿದ್ದ ಗಂಡಸರು ಕತ್ತೆತ್ತುವಷ್ಟರಲ್ಲಿ ಮೋಡ ಮುಚ್ಚಿತು.

"ಸುಮ್ನಿರಬೇ," ಎಂದ ಗಂಡ ಲಾಡ್ಲೆಸಾಬ. "ಇಷ್ಟು ಮಂದಿಗೆ ಕಾಣಲಾರದ್ದು ನಿನಗಷ್ಟ ಕಾಣ್ತದೇನು?"

ಆಳಂದದಲ್ಲಿ ಚಂದ್ರ ಕಂಡರೂ ಆ ಸುದ್ದಿ ಟಾಂಗಾದಲ್ಲಿ ಈ ನರೋಣಾಕ್ಕೆ ಬರುವಷ್ಟರಲ್ಲಿ ನಾಳೆ ಮಧ್ಯಾಹ್ನವಾಗುತ್ತದೆ. ಊರಿಗೆಲ್ಲ ಮೊದಲ ದಿನದ ಉಪವಾಸ, ರೋಜಾ, ತಪ್ಪಿದಂತೆಯೇ. ಮಸೀದಿಯಲ್ಲಿ ಪ್ರವಚನ ಹೇಳುವ ವಯಸ್ಸಾದ ಖತೀಬರು ಮಾಳಿಗೆಯತ್ತ ನೋಡಿ, "ಖರೇನ ನೋಡಿದೇನವ್ವ?" ಎಂದರು. ಅವಳು ಚಾಚಿದ ಬೆರಳು ಇಳಿಸಲಿಲ್ಲ.

"ನೋಡೀನ್ರಿ. ಅಲ್ಲಾನ ಆಣಿ."

"ರಂಜಾನ್ ಹಿಡಿಯಾಕ ಒಬ್ಬರು ನೋಡಿದ್ರ ಸಾಕು. ಹೆಣ್ಮಗಳ ಸಾಕ್ಷಿನೂ ನಡೀತದ," ಎಂದು ಖತೀಬರು ನಗಾರಿ ಬಾರಿಸಲು ಹೇಳಿದರು.

ಪಡುವಣದಲ್ಲಿ ಬರೀ ಮೋಡವಿತ್ತು. ಲಾಡ್ಲೆಸಾಬ ಹೆಂಡತಿಯ ಬೆರಳು ತೋರಿದ ಕಡೆಗೇ ತಿರುಗಿ, ಎಲ್ಲರಿಗಿಂತ ಮೊದಲು ದುವಾಕ್ಕೆ ಎರಡೂ ಕೈ ಎತ್ತಿದ.