ದಸ್ತಗೀರನ ಕಿವಿ

"ದಸ್ತಗೀರಭಾಯಿ, ತಂಬೂರಿ ಮಾತಾಡವಲ್ದು," ಎನ್ನುತ್ತ ಸುಮನ್‌ತಾಯಿ ಮೂರನೆಯ ಸಲ ತಂಬೂರಿ ತಂದು ಅವನ ಸಿತಾರ-ತಂಬೂರಿ ಅಂಗಡಿಯ ಚಾಪೆಯ ಮೇಲೆ ಮಲಗಿಸಿದರು. ಎಪ್ಪತ್ತು ದಾಟಿದ ಹಾಡುಗಾರ್ತಿ. ದನಿಯಲ್ಲಿ ಸಿಟ್ಟಿರಲಿಲ್ಲ, ದಸ್ತಗೀರನಿಗೆ ಅದೇ ಹೆಚ್ಚು ಚುಚ್ಚಿತು. "ಮೊದಲ ನೀ ಕೈ ಹಚ್ಚಿದ್ರ ತಂತಿ ಜೇನುಹುಳದ ಗತೆ ಗುಂಯ್ ಅಂತಿತ್ತು. ಈಗ ಬರೇ ಠಣ್ ಅಂತದ. ಅವಸರ ಇಲ್ಲ, ಇಟಗೋ."

ಅವರು ಹೋದ ಮೇಲೆ ದಸ್ತಗೀರ ತಂತಿ ಮೀಟಿ ಕಿವಿಗೊಟ್ಟ. ತಂತಿಗೂ ತನಗೂ ನಡುವೆ ಅರಳೆ ತುರುಕಿದ ಹಾಗಿತ್ತು. ತುರುಕಿದ್ದು ಯಾವುದೆಂದು ಅವನಿಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ, ಮಿರಜಿನ ಇದೇ ಅಂಗಡಿಯಲ್ಲಿ ಎದುರು ಕೂತು ಕೆಲಸ ಮಾಡುತ್ತಿದ್ದ ಅಣ್ಣ ಹುಸೇನ ತೀರಿಕೊಂಡ ವಾರ, ದಸ್ತಗೀರನಿಗೆ ಎದೆ ಹಿಂಡಿ ಉಸಿರು ಸಿಕ್ಕದಂತಾಗಿತ್ತು. ಆಗ ಒಬ್ಬ ಡಾಕ್ಟರು ಹದಿನೈದು ದಿನಕ್ಕೆಂದು ಬರೆದುಕೊಟ್ಟ ಚಿಕ್ಕ ಬಿಳಿ ಮಾತ್ರೆ. ಹದಿನೈದು ದಿನ ಮುಗಿಯಲೇ ಇಲ್ಲ. ಅದೇ ಹಳೆಯ ಚೀಟಿ ತೋರಿಸಿದರೆ ಔಷಧಿ ಅಂಗಡಿಯವನು ಕೊಡುತ್ತಿದ್ದ. ಒಂದು ಎರಡಾಯಿತು, ಎರಡು ಮೂರಾಯಿತು. ಹೆದರಿಕೆ ಹೋಯಿತು, ಹಿಂದೆಯೇ ಕಿವಿಯೂ ಹೋಯಿತು. ತಂತಿ ಕೂರುವ ಕುದುರೆಯನ್ನು ಅರದಿಂದ ಉಜ್ಜುವಾಗ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಹೇಳಿಬಿಡುತ್ತಿದ್ದ ಕಿವಿ ಅದು.

ಅಂದೇ ಮಾತ್ರೆಗಳನ್ನೆಲ್ಲ ಗಟಾರಕ್ಕೆ ಎಸೆದ. ಮೂರನೆಯ ದಿನ ಮಧ್ಯಾಹ್ನ, ಕೈಯಲ್ಲಿ ಅರ ಹಿಡಿದಂತೆಯೇ ಮೈ ಸೆಟೆದು ಉರುಳಿದ. ಹೆಂಡತಿ ಖುರ್ಷಿದಾ ಓಡಿ ಬರುವಷ್ಟರಲ್ಲಿ ಬಾಯಿಯಲ್ಲಿ ನೊರೆ.

"ಬಿಟ್ಟದ್ದು ತಪ್ಪಲ್ಲ, ಒಮ್ಮಿಗೇ ಬಿಟ್ಟದ್ದು ತಪ್ಪು," ಎಂದರು ಆಸ್ಪತ್ರೆಯ ಮೇಧಾ ಡಾಕ್ಟರು. "ಮಾಳಿಗಿ ಮ್ಯಾಲಿಂದ ಜಿಗದ್ರ ಕಾಲು ಮುರೀತದ. ಮೆಟ್ಟಲಾ ಇಳದು ಬರ್ರಿ."

"ನಾ ಏನ್ ಅಮಲಿನವನೇನ್ರೀ ಡಾಕ್ಟರಬಾಯಿ? ಒಂದ್ ಬೀಡಿ ಸೇದಿದಾಂವಲ್ಲ."

"ಅಮಲು ಅಂತ ಯಾರಂದ್ರು? ಮೈಗೆ ರೂಢಿ ಆಗೇದ. ಬಿಡಾಕ ಮೈಗೂ ಟೈಮ್ ಬೇಕು. ಎರಡು ವಾರಕ್ಕೊಮ್ಮೆ ಇಷ್ಟಿಷ್ಟೇ ಕಡಿಮಿ ಮಾಡೂಣು. ತ್ರಾಸ ಆತು, ಅಲ್ಲೇ ನಿಲ್ರಿ, ನನಗ ಫೋನ್ ಹಚ್ಚರಿ. ನಿಮ್ಮಷ್ಟಕ್ಕ ನೀವು ಹೆಚ್ಚೂ ಮಾಡಬ್ಯಾಡ್ರಿ, ಬಿಡಲೂ ಬ್ಯಾಡ್ರಿ. ವರ್ಷ ಹಿಡದ್ರೂ ಹಿಡೀತದ."

"ಕಿವಿ ತಿರುಗಿ ಬರ್ತದೇನ್ರೀ?"

ಡಾಕ್ಟರು ಚೀಟಿಯ ಮೇಲಿಂದ ಪೆನ್ನು ಎತ್ತಿದರು. "ಬರ್ತದ ಅಂತ ಬರದು ಕೊಡಾಕ ಆಗೂದಿಲ್ಲ. ಬರಲಿ ಅಂತ ನನಗೂ ಆಸೆ ಅದ."

ಮಾತ್ರೆಯ ಡಬ್ಬಿ ಖುರ್ಷಿದಾಳ ಕೈಗೆ ಹೋಯಿತು. ಪ್ರತಿ ಸಲ ಕಡಿಮೆ ಮಾಡಿದಾಗಲೂ ಒಂದು ವಾರ ಅವನ ಕೈ ನಡುಗುತ್ತಿತ್ತು. ಬಾಗಿಲ ಚಿಲಕ ಸದ್ದಾದರೆ ಬೆನ್ನು ಬೆವರುತ್ತಿತ್ತು. ಆರನೆಯ ತಿಂಗಳು ಹಟ ಹಿಡಿದ.

"ಒಂದೇ ಒಂದು ಕೊಡು, ಖುರ್ಷಿದಾ. ಇವತ್ತೊಂದ್ ದಿನ."

"ಡಾಕ್ಟರಬಾಯಿನ್ನ ಕೇಳ್ರಿ. ಅವರು ಕೊಡು ಅಂದ್ರ ಎರಡು ಕೊಡತೇನಿ," ಎಂದು ಅವಳೇ ಫೋನ್ ಹಚ್ಚಿ ಅವನ ಕಿವಿಗೆ ಹಿಡಿದಳು. ಒಂದು ತಿಂಗಳು ಇಳಿಸುವುದು ಬೇಡ, ಇದ್ದಷ್ಟೇ ಇರಲಿ ಎಂದರು ಡಾಕ್ಟರು. ಆ ತಿಂಗಳಲ್ಲೇ ಒಂದು ದಿನ, ಅಣ್ಣ ಕೂರುತ್ತಿದ್ದ ಮಣೆಯ ಧೂಳು ಒರೆಸುತ್ತ ದಸ್ತಗೀರ ಗಟ್ಟಿಯಾಗಿ ಅತ್ತುಬಿಟ್ಟ. ಮಣ್ಣು ಕೊಟ್ಟ ದಿನ ಬಾರದಿದ್ದ ಅಳು.

ದಿನಾ ಬೆಳಿಗ್ಗೆ ಸುಮನ್‌ತಾಯಿಯ ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ತಂತಿ ಮೀಟುವನು. ಬಂದೇ ಬರುತ್ತಾನೆಂದು ಮಗನ ದಾರಿ ಕಾಯುವವಳ ಹಾಗೆ, ಆ ದನಿ ಪೂರ್ತಿ ಆರುವವರೆಗೆ ಕಾಯುವನು. ಆಮೇಲೆ ಅದನ್ನು ಮತ್ತೆ ಗೋಡೆಗೆ ಒರಗಿಸುವನು.

ಹನ್ನೊಂದನೆಯ ತಿಂಗಳಿಗೆ ದಿನಕ್ಕೆ ಅರ್ಧ ಮಾತ್ರೆ ಉಳಿದಿತ್ತು. ಕೈ ನೆಟ್ಟಗಾಗಿತ್ತು. ಆ ಬೆಳಿಗ್ಗೆ ಕುದುರೆಗೆ ಅರ ಹಚ್ಚಿ ಕೂತಿದ್ದ. ಹಿಂದಿನ ಅಡುಗೆಮನೆಯಲ್ಲಿ ಖುರ್ಷಿದಾ ಜೋಳದ ಭಾಕ್ರಿ ಬಡಿಯುತ್ತ ಏನೋ ಗುನುಗುತ್ತಿದ್ದಳು. ಅವನ ಕೈ ತಟ್ಟನೆ ನಿಂತಿತು.

"ಏ, ಗಾಂಧಾರ ಇಳೀತು!" ಎಂದು ಕೂತಲ್ಲಿಂದಲೇ ಒದರಿದ. "ಶ್ರುತಿ ಎಲ್ಲಿ, ನೀ ಎಲ್ಲಿ? ಸಿತಾರ ಮಾಡೋರ ಮನಿ ಸೊಸಿ ಹಿಂಗ ಹಾಡೂದೇನು?"

ಭಾಕ್ರಿಯ ಸಪ್ಪಳ ನಿಂತಿತು. ಖುರ್ಷಿದಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ನೀವು ಹಿಂಗ ಒದರಿ ಐದು ವರ್ಷ ಆತು," ಎಂದಳು. "ದಿನಾ ಬೇಕಂತನ ಇಳಿಸಿ ಹಾಡತೇನಿ. ಇವತ್ತರ ಬೈತೀರೇನೋ ಅಂತ."