ಶಿಬಿರದಲ್ಲಿ ಒಂದು ಕರೆ

"ನಿಮಗೆ ಅತಿ ಹತ್ತಿರದವರಿಗೆ ಈಗಲೇ ಫೋನ್ ಮಾಡಿ, ನೀವಿದ್ದರೆ ನನಗೆ ಖುಷಿ ಅಂತ ಹೇಳಿ," ಎಂದು ನೆಮ್ಮದಿ ಶಿಬಿರ ನಡೆಸಲು ಬಂದಿದ್ದ ಯುವತಿ ಹಿಂದಿಯಲ್ಲಿ ಹೇಳಿದಳು. ಮಹಾಪೆಯ ಆ ಆಫೀಸಿನ ಹಾಲಿನಲ್ಲಿ ಎಲ್ಲರೂ ಮೊಬೈಲು ತೆಗೆದರು. ಸಿದ್ಧೇಶ್ವರ ಡೊಂಬಿವಲಿಯ ಮನೆಯಲ್ಲಿದ್ದ ಹೆಂಡತಿಗೆ ಫೋನ್ ಹಚ್ಚಿದ. ಇಂಥ ಮಾತಾಡಿ ಎಷ್ಟು ವರ್ಷವಾಗಿತ್ತೋ.

"ಸುಲೋಚನಾ, ನೀ ಇದ್ದಿ ಅಂದ್ರ ನನಗ ಭಾಳ ಖುಷಿ ನೋಡು," ಎಂದ.

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. "ಮತ್ತೇನ್ ಖರೀದಿ ಮಾಡಿದ್ರಿ?" ಎಂದಳು ಸುಲೋಚನಾ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಮಗಳ ಹುಟ್ಟುಹಬ್ಬಕ್ಕೆ ಅವನು ಬಾರದೆ ಹೋದಾಗ ದೊಡ್ಡ ಟಿವಿ ಬಂದಿತ್ತು. ಸುಲೋಚನಾಳ ಅಪ್ಪ ತೀರಿಕೊಂಡಾಗ ಅವನಿಗೆ ರಜೆ ಸಿಗಲಿಲ್ಲ, ಎಸಿ ಬಂದಿತ್ತು.

"ಏನೂ ಇಲ್ಲ. ಸುಮ್ನ ಮಾಡೀನಿ."

"ವಾಪಸ್ ತಗೋತಾರೇನು ಕೇಳ್ರಿ. ಮನ್ಯಾಗ ಇಡಾಕ ಜಾಗಾ ಇಲ್ಲ," ಎಂದು ಅವಳು ಫೋನಿಟ್ಟಳು.

ಪಕ್ಕದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಯುವತಿ ನಗುತ್ತ ಅವನತ್ತಲೇ ಬರುತ್ತಿದ್ದಳು. ಸಿದ್ಧೇಶ್ವರ ಸದ್ದಿಲ್ಲದ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ. ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ, "ಹಾಂ, ಮೈ ಭೀ ಬಹುತ್ ಖುಶ್ ಹೂಂ," ಎಂದ.