ಹೊಸ ಬ್ಯಾಂಡಿನ ಹಾಡುಗಾರ

ಐರ್ಲೆಂಡಿನ ಆ ಸಣ್ಣ ಊರಿಗೆಲ್ಲ ಅವನೊಬ್ಬನೇ ಡ್ರಮ್ಮರ್. ಒಂಬತ್ತು ವರ್ಷದಿಂದ ಅಣ್ಣನ ರಾಕ್ ಬ್ಯಾಂಡಿನಲ್ಲೇ ಸಿಕ್ಕಿಕೊಂಡಿದ್ದ. ಹಾಡುವವನೂ ಅಣ್ಣ, ಬೈಯುವವನೂ ಅಣ್ಣ. ಬಿಡುತ್ತೇನೆ ಎನ್ನಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ಹೊಸ ಬ್ಯಾಂಡ್ ಕಟ್ಟುತ್ತಿದ್ದ ಹುಡುಗಿಯೊಬ್ಬಳು ಫೋನ್ ಮಾಡಿ ಕರೆದಾಗ ಅವನಿಗೆ ಹೋದ ಜೀವ ಬಂದಂತಾಯಿತು.

"ಬರ್ತೀನಿ. ಆದ್ರೆ ಅಣ್ಣನ ಕಿವಿಗೆ ಬೀಳಬಾರ್ದು."

"ನನ್ನ ಬಾಯಿಂದ ಒಂದಕ್ಷರ ಹೊರಡಲ್ಲ. ಶನಿವಾರ ಬಾ."

ಶನಿವಾರ ಹಲ್ಲುನೋವೆಂದು ಅಣ್ಣನಿಗೆ ಫೋನ್ ಮಾಡಿದ.

"ಹಲ್ಲಾದ್ರೂ ತಾಳಕ್ಕೆ ಸರಿಯಾಗಿ ನೋಯ್ತಿದೆಯಾ? ಹೋಗು, ಇವತ್ತು ಪ್ರಾಕ್ಟೀಸ್ ಬೇಡ."

ಪಬ್ಬಿನ ಹಿಂದಿನ ಕೋಣೆಯ ಬಾಗಿಲು ತೆರೆದ ಹುಡುಗಿ ಹೆಮ್ಮೆಯಿಂದ ನಕ್ಕಳು.

"ನಿನ್ನ ಗುಟ್ಟು ಇವನಿಗೆ ಹೇಳಿಲ್ಲ, ಇವನ ಗುಟ್ಟು ನಿನಗೆ ಹೇಳಿಲ್ಲ. ಬಾ, ನಮ್ಮ ಹಾಡುಗಾರನ್ನ ನೋಡು."

ಮೈಕಿನ ಮುಂದೆ ಅಣ್ಣ ನಿಂತಿದ್ದ.